ಕಥೆ ಹುಡುಕಿಕೊಂಡು ನ್ಯೂಯಾರ್ಕಿಗೆ

ನ್ಯೂಯಾರ್ಕಿಗೆ ಹೋದವರು ಗಗನಚುಂಬಿ ಕಟ್ಟಡಗಳನ್ನು ನೋಡಿ ಕತ್ತು ನೋಯಿಸಿಕೊಂಡು ಬರುವುದು ವಾಡಿಕೆ. ನಾನು ಅಲ್ಲಿ ಮೂರು ದಿನ ಅಲೆದದ್ದು ಮಕ್ಕಳು ಕುಳಿತು ಕಥೆ ಕೇಳುವ ಚಾಪೆಗಳನ್ನು ನೋಡುವುದಕ್ಕೆ ಎಂದರೆ ವಾಚಕರು ನಗಬಹುದು. ಆದರೆ ನನಗೆ ಒದಗಿದ್ದ ಗರಜು ಅಂಥದು.

ಬೇಸಗೆಯನ್ನು ಕಳೆಯಲೆಂದು ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಆ ಊರಿನಲ್ಲಿ ನಮ್ಮ ದೇಶದವರು ಎಷ್ಟು ಮಂದಿ ಇದ್ದಾರೆಂದರೆ, ಅಂಗಡಿಯಲ್ಲಿ ನುಗ್ಗೆಕಾಯಿಗೂ ಕರಿಬೇವಿಗೂ ಕೊರತೆಯಿಲ್ಲ. ಕೊರತೆ ಇರುವುದು ಮಕ್ಕಳ ನಾಲಗೆಯ ಮೇಲಿನ ಕನ್ನಡಕ್ಕೆ. ಇದನ್ನು ಮನಗಂಡ ಐದಾರು ಕನ್ನಡ ಮನೆಗಳವರು ಸೇರಿ, ಶನಿವಾರದ ಸಂಜೆ ಅರ್ಧ ಗಂಟೆಯ ಕಾಲ ತಮ್ಮ ಮಕ್ಕಳಿಗೆ ಕಥೆ ಹೇಳಬೇಕೆಂದು ನನ್ನನ್ನು ಕೇಳಿದರು. ಮಕ್ಕಳೆಲ್ಲ ಮೂರರಿಂದ ಐದು ವರ್ಷದವರು. ಮೂರು ಮಕ್ಕಳನ್ನು ಸಾಕಿದವಳಿಗೆ ಇದೇನು ಮಹಾಕಾರ್ಯವೆಂದು ಒಪ್ಪಿಕೊಂಡುಬಿಟ್ಟೆ.

ಬೆಂಗಳೂರಿನಿಂದ ಪೆಟ್ಟಿಗೆಯಲ್ಲಿ ಒಯ್ದಿದ್ದ ಆರು ಚಿತ್ರಪುಸ್ತಕಗಳಿದ್ದವು. ಕೈಗೆ ಬಂದ ಕ್ರಮದಲ್ಲಿ ಓದತೊಡಗಿದೆ. ಮೊದಲನೆಯದು ಮುಗಿಯುವ ಮುನ್ನವೇ ನಾಲ್ಕು ವರ್ಷದ ಒಬ್ಬ ಹುಡುಗ ಸೋಫಾದ ಅಡಿಗೆ ನುಸುಳಿ, ಅಲ್ಲಿಂದ ಹೊರಬರಲು ಖಂಡಿತವಾಗಿ ನಿರಾಕರಿಸಿದ. ಎರಡನೆಯದರ ನಡುವೆ ಇಬ್ಬರು ಹುಡುಗಿಯರು ಪರಸ್ಪರ ಜಡೆ ಹಿಡಿದುಕೊಂಡರು. ಮೂರನೆಯದಕ್ಕೆ ನನ್ನ ಮೊಮ್ಮಗಳೇ ಎದ್ದು ನಿಂತು, "ಅಜ್ಜೀ, ಸಾಕು" ಎಂದು ತೀರ್ಪು ಕೊಟ್ಟಳು. ಆ ರಾತ್ರಿ ಮಗಳು ಪಾತ್ರೆ ತೊಳೆಯುತ್ತಾ, "ಅಮ್ಮ, ಇಲ್ಲಿಯ ಲೈಬ್ರರಿಗಳಲ್ಲಿ ಈ ಕೆಲಸವನ್ನು ನೂರು ವರ್ಷಗಳಿಂದ ಮಾಡುತ್ತಿದ್ದಾರೆ. ಹೋಗಿ ನೋಡಿ ಬಾ" ಎಂದಳು. ಕೊಂಚ ಅವಮಾನವೆನಿಸಿದರೂ ಮಾತು ಸರಿಯಾಗಿತ್ತು.

ಎಡಿಸನ್ನಿನಿಂದ ರೈಲು ಹತ್ತಿ ಪೆನ್ ನಿಲ್ದಾಣದಲ್ಲಿಳಿದು, ಜನಪ್ರವಾಹದಲ್ಲಿ ತೇಲಿದಂತೆ ನಡೆದು, ಐದನೆಯ ಅವೆನ್ಯೂ ನಲವತ್ತೆರಡನೆಯ ಬೀದಿಯನ್ನು ಕೂಡುವ ಎಡೆಗೆ ಬಂದರೆ ಎರಡು ಅಮೃತಶಿಲೆಯ ಸಿಂಹಗಳು ಎದುರಾಗುತ್ತವೆ. ಅವುಗಳಿಗೆ 1930ರ ದಶಕದಲ್ಲಿ ನಗರದ ಮೇಯರ್ ಲಾ ಗಾರ್ಡಿಯಾ ಇಟ್ಟ ಹೆಸರುಗಳು ತಾಳ್ಮೆ ಮತ್ತು ಸ್ಥೈರ್ಯ ಎಂದು. ಮಕ್ಕಳಿಗೆ ಕಥೆ ಹೇಳಹೊರಟವರಿಗೆ ಇದಕ್ಕಿಂತ ತಕ್ಕ ದ್ವಾರಪಾಲಕರು ಸಿಕ್ಕಲಾರರು. ಅವುಗಳ ಹಿಂದಿರುವುದೇ 1911ರ ಮೇ ತಿಂಗಳಲ್ಲಿ ತೆರೆದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮುಖ್ಯ ಭವನ. ಅದರ ಕೆಳ ಅಂತಸ್ತಿನಲ್ಲಿ ಮಕ್ಕಳಿಗೆಂದೇ ಒಂದು ಕೋಣೆಯನ್ನು ಅಂದು ಕಟ್ಟಿಸಿದವಳು ಆನ್ ಕ್ಯಾರಲ್ ಮೂರ್ ಎಂಬ ಮಹಿಳೆ. ಚಿಕ್ಕ ಮಕ್ಕಳೆಂದರೆ ಪುಸ್ತಕ ಹರಿಯುವವರು, ಗಲಾಟೆ ಮಾಡುವವರು ಎಂದು ಗ್ರಂಥಾಲಯಗಳು ಅವರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲ ಅದು. ಈಕೆ ತಗ್ಗಾದ ಮೇಜು ಹಾಕಿಸಿ, ಕಿಟಕಿಯ ಬಳಿ ಕುಳಿತು ಓದಲು ಪೀಠಗಳನ್ನಿಡಿಸಿ, 'ನಿಶ್ಶಬ್ದ' ಎಂಬ ಹಲಗೆಗಳನ್ನು ಕಿತ್ತುಹಾಕಿಸಿದಳು. ಕಥೆ ಶುರುವಾಗುವಾಗ ಒಂದು ಮೇಣದಬತ್ತಿಯನ್ನು ಹಚ್ಚುವುದು, ಕಥೆ ಮುಗಿದ ಮೇಲೆ ಮಕ್ಕಳು ಮನಸ್ಸಿನಲ್ಲಿ ಒಂದು ಆಸೆಯನ್ನು ನೆನೆದು ಅದನ್ನು ಊದಿ ಆರಿಸುವುದು ಈ ಗ್ರಂಥಾಲಯದ ಹಳೆಯ ಪದ್ಧತಿ. ದೀಪವನ್ನು ಊದಿ ಆರಿಸಬಾರದೆಂದು ಕೇಳಿ ಬೆಳೆದ ನನಗೆ ಎದೆ ಒಮ್ಮೆ ಅಳುಕಿತು. ಆದರೂ ಬೆಳಗಿಸಿ ಕಥೆ ತೊಡಗುವುದು ಹಿತವೆನಿಸಿತು.

ಈಗ ಮಕ್ಕಳ ವಿಭಾಗವಿರುವುದು ಮುಖ್ಯ ಭವನದಲ್ಲಲ್ಲ. ಬೀದಿಯಾಚೆ ನಲವತ್ತನೆಯ ಬೀದಿಯ ಮೂಲೆಯಲ್ಲಿ, ನವೀಕರಿಸಿ 2021ರಲ್ಲಿ ತೆರೆದ ಕಟ್ಟಡದ ಕೆಳ ಅಂತಸ್ತಿನಲ್ಲಿ. ನಾನು ಹೋದ ದಿನ ಬೆಳಗ್ಗೆ ಅಲ್ಲಿಯ ಕಥಾಸಮಯದ ವಿಷಯ 'ನಿದ್ದೆ'. ಆಗತಾನೆ ಎದ್ದು ಮುಖ ತೊಳೆಸಿಕೊಂಡು ಬಂದ ಇಪ್ಪತ್ತೈದು ಮಕ್ಕಳಿಗೆ ನಿದ್ದೆಯ ಕಥೆಯೇ ಎಂದು ಒಳಗೇ ನಕ್ಕೆ. ಆದರೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಗು ಅಡಗಿತು. ಒಂದು ಮಗುವೂ ಯಾವ ಕುರ್ಚಿಯ ಅಡಿಗೂ ನುಸುಳಲಿಲ್ಲ.

ಮುಗಿದ ಮೇಲೆ ಕಥೆ ಹೇಳಿದಾಕೆಯ ಬಳಿ ಹೋಗಿ ನನ್ನ ಶನಿವಾರದ ಪಾಡನ್ನು ತೋಡಿಕೊಂಡೆ. ಆಕೆ ನಗದೆ, ತನ್ನ ಟಿಪ್ಪಣಿಯ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟಳು. ಅರ್ಧ ಗಂಟೆಯ ಕಥೆಗೆ ಹನ್ನೊಂದು ಪುಸ್ತಕಗಳನ್ನು ತೆಗೆದು ನೋಡಿ, ಎಂಟನ್ನು ಬಿಟ್ಟಿದ್ದಳು. ಒಂದರ ಚಿತ್ರ ಹಿಂದಿನ ಸಾಲಿನ ಮಗುವಿಗೆ ಕಾಣಿಸದಷ್ಟು ನುಣುಪು. ಒಂದರ ಪ್ರಾಸ ಕಣ್ಣಿಗೆ ಚೆನ್ನ, ಗಟ್ಟಿಯಾಗಿ ಓದಿದರೆ ನಾಲಗೆ ಎಡವುತ್ತದೆ. ಮತ್ತೊಂದರಲ್ಲಿ ನಿದ್ದೆ ಇರುವುದು ಹೆಸರಿನಲ್ಲಿ ಮಾತ್ರ. ಆಕೆ ಹೇಳಿದ ಒಂದು ಮಾತು ನನಗೆ ಬಹಳ ಒಪ್ಪಿತು: ವಿಷಯಕ್ಕೆ ಹೊಂದುತ್ತದೆಂದು ಸೊರಗಿದ ಪುಸ್ತಕವನ್ನು ಆರಿಸಬಾರದು, ಒಳ್ಳೆಯ ಪುಸ್ತಕ ಸಿಕ್ಕರೆ ವಿಷಯವನ್ನು ಕೊಂಚ ಬಾಗಿಸಿದರೂ ಮಕ್ಕಳು ದೂರು ಹೇಳುವುದಿಲ್ಲ. ವಿಷಯವೆಂಬುದು ಹೂವುಗಳನ್ನು ಕಟ್ಟುವ ದಾರ, ಮುಡಿಯುವುದು ದಾರವನ್ನಲ್ಲ.

ಕ್ರಮಕ್ಕೂ ಕಾರಣವಿತ್ತು. ಎಲ್ಲಕ್ಕಿಂತ ಉದ್ದನೆಯ ಪುಸ್ತಕ ಮೊದಲು, ಏಕೆಂದರೆ ಮಕ್ಕಳ ಗಮನ ಆಗಲೇ ತಾಜಾ. ಅದರ ಬೆನ್ನಿಗೆ ಎದ್ದು ಮೈಮುರಿದು ಕೈಬೆರಳು ಆಡಿಸುವ ಒಂದು ಪದ್ಯ. ಆಮೇಲೆ ಚಿಕ್ಕದು, ಕೊನೆಗೆ ಅತಿ ಚಿಕ್ಕದು. ತೊಡಗುವ ಹಾಡೂ ಮುಗಿಸುವ ಹಾಡೂ ವಾರ ವಾರವೂ ಒಂದೇ. ಬಾಯಲ್ಲಿ ಹೇಳದೆಯೇ ಮಗುವಿಗೆ 'ಇನ್ನು ಶುರು', 'ಇನ್ನು ಮನೆಗೆ' ಎಂದು ತಿಳಿಯಬೇಕು. ಪುಸ್ತಕವನ್ನು ಹಿಂದಿನ ದಿನ ಮನೆಯಲ್ಲಿ ಎರಡು ಸಲವಾದರೂ ಗಟ್ಟಿಯಾಗಿ ಓದಿಕೊಳ್ಳದೆ ಆಕೆ ಬರುವುದಿಲ್ಲವಂತೆ. ನಾನು ಆರು ಪುಸ್ತಕಗಳಲ್ಲಿ ಒಂದನ್ನೂ ಹಾಗೆ ಓದಿಕೊಂಡಿರಲಿಲ್ಲ. ನಡುನಡುವೆ ಗಿಲಕಿ ಅಲ್ಲಾಡಿಸುವುದು, ಬಣ್ಣದ ಕರವಸ್ತ್ರ ಬೀಸುವುದು ಇವೆಲ್ಲ ಮಾತ್ರ ನನಗೆ ಅಷ್ಟಾಗಿ ರುಚಿಸಲಿಲ್ಲ. ಕಥೆಗೆ ಅಷ್ಟೊಂದು ಒಡ್ಡೋಲಗ ಬೇಕೆ? ಇದು ವಯಸ್ಸಿನ ದೋಷವೂ ಇರಬಹುದು.

ಅಂದು ಕೊನೆಯಲ್ಲಿ ಓದಿದ ಅತಿ ಚಿಕ್ಕ ಪುಸ್ತಕ 'ಗುಡ್‌ನೈಟ್ ಮೂನ್'. ಮಾರ್ಗರೆಟ್ ವೈಸ್ ಬ್ರೌನ್ ಬರೆದು, ಕ್ಲೆಮೆಂಟ್ ಹರ್ಡ್ ಚಿತ್ರ ಬಿಡಿಸಿ, 1947ರಲ್ಲಿ ಪ್ರಕಟವಾದದ್ದು. ಹಾಸಿಗೆಯಲ್ಲಿ ಮಲಗಿದ ಒಂದು ಮರಿ ಮೊಲ ಕೋಣೆಯಲ್ಲಿರುವ ಒಂದೊಂದು ವಸ್ತುವಿನಿಂದಲೂ ಬೀಳ್ಕೊಳ್ಳುತ್ತದೆ, ಅಷ್ಟೇ ಕಥೆ. ಪುಟ ತಿರುಗಿದಂತೆ ಕೋಣೆಯ ಬೆಳಕು ಕುಗ್ಗುತ್ತದೆ, ಗಡಿಯಾರದ ಮುಳ್ಳು ಸರಿಯುತ್ತದೆ, ಒಂದು ಪುಟ್ಟ ಇಲಿ ಜಾಗ ಬದಲಿಸುತ್ತದೆ. ಇಪ್ಪತ್ತೈದು ಮಕ್ಕಳೂ ಆ ಇಲಿಯನ್ನು ಹುಡುಕುತ್ತಾ ಮೌನವಾದವು.

ಸೋಜಿಗವೇನೆಂದರೆ, ಈ ಪುಸ್ತಕಕ್ಕೆ ಇದೇ ಗ್ರಂಥಾಲಯದಲ್ಲಿ 1972ರವರೆಗೆ ಪ್ರವೇಶವಿರಲಿಲ್ಲ! ಮಕ್ಕಳಿಗೆ ಬಾಗಿಲು ತೆರೆಸಿದ ಅದೇ ಮೂರ್ ಪುಸ್ತಕಗಳ ಪಾಲಿಗೆ ಬಹು ಕಟ್ಟುನಿಟ್ಟಾದ ಕಾವಲುಗಾತಿ. ಮಕ್ಕಳಿಗೆ ಬೇಕಾದುದು ಅದ್ಭುತಲೋಕ, ಕಿನ್ನರರ ಕಥೆ. ಬಾಚಣಿಗೆ, ಬಟ್ಟಲು, ಕಾಲುಚೀಲಗಳ ನಿತ್ಯಪ್ರಪಂಚವಲ್ಲ ಎಂಬುದು ಆಕೆಯ ನಂಬಿಕೆ. 1941ರಲ್ಲಿ ನಿವೃತ್ತಳಾದ ಮೇಲೂ ಸಭೆಗಳಿಗೆ ಬರುವುದನ್ನು ಬಿಡಲಿಲ್ಲ. ಆಕೆಯ ರುಚಿಯ ನೆರಳು ಕಪಾಟಿನ ಮೇಲೆ ಉಳಿದೇ ಇತ್ತು. ಪ್ರೀತಿಯಿಂದ ಆರಿಸುವವರು ಪ್ರೀತಿಯಿಂದಲೇ ತಪ್ಪನ್ನೂ ಮಾಡಬಲ್ಲರು. ಅತ್ತೆಯಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯ ದಿನ ಹಾರ್ಲೆಮ್ಮಿಗೆ ಹೋದೆ. ಟೈಮ್ಸ್ ಚೌಕದಲ್ಲಿ ಸುರಂಗ ರೈಲು ಹತ್ತಿದರೆ ನೂರಮೂವತ್ತೈದನೆಯ ಬೀದಿಯಲ್ಲಿ ಮೆಟ್ಟಿಲೇರುತ್ತಲೇ ಕಟ್ಟಡ ಎದುರಿಗೇ. 1905ರಲ್ಲಿ ಶಾಖಾ ಗ್ರಂಥಾಲಯವಾಗಿ ತೆರೆದ ಅದು ಈಗ ಕರಿಯ ಜನಾಂಗದ ಇತಿಹಾಸವನ್ನು ಕಾಪಾಡುವ ಶಾಂಬರ್ಗ್ ಕೇಂದ್ರದ ಭಾಗ. ಮೊಗಸಾಲೆಯ ನೆಲದ ಮೇಲೆ ಚಿತ್ರಿಸಿದ ಒಂದು ಮಂಡಲದ ಅಡಿಯಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ನ ಚಿತಾಭಸ್ಮವಿದೆ. ಅರಿಯದೆ ಅದರ ಮೇಲೆ ಕಾಲಿಟ್ಟವಳು, ಅರಿತ ಮೇಲೆ ಚಪ್ಪಲಿ ಬಿಡಬೇಕೆನಿಸಿ ಸುತ್ತ ನೋಡಿದೆ. ಯಾರೂ ಬಿಟ್ಟಿರಲಿಲ್ಲ.

ಇಲ್ಲಿಗೆ 1921ರಲ್ಲಿ ಕೆಲಸಕ್ಕೆ ಸೇರಿದವಳು ಪೂರಾ ಬೆಲ್‌ಪ್ರೇ. ಪೋರ್ಟೊ ರಿಕೊ ದ್ವೀಪದಿಂದ ಅಕ್ಕತಂಗಿಯರ ಮದುವೆಯೊಂದಕ್ಕೆಂದು ಬಂದು ಇಲ್ಲಿಯೇ ನಿಂತವಳು. ಮಕ್ಕಳ ಕಪಾಟಿನಲ್ಲಿ ಎಲ್ಲ ದೇಶಗಳ ಕಥೆಗಳಿವೆ, ತನ್ನ ಅಜ್ಜಿ ಹೇಳುತ್ತಿದ್ದ ಒಂದು ಕಥೆಯೂ ಇಲ್ಲ. ಅಚ್ಚಾದ ಪುಸ್ತಕದಲ್ಲಿರುವ ಕಥೆಯನ್ನೇ ಹೇಳಬೇಕೆಂಬುದು ಅಂದಿನ ನಿಯಮ. ಆಕೆ ವಿಶೇಷ ಅನುಮತಿ ಪಡೆದು, ಪುಸ್ತಕವಿಲ್ಲದೆಯೇ ತನ್ನ ಅಜ್ಜಿಯ ಕಥೆಯನ್ನು ಹೇಳಿದಳು. ಮಾರ್ತಿನಾ ಎಂಬ ಸಿಂಗಾರದ ಜಿರಲೆಯೂ ಪೆರೆಸ್ ಎಂಬ ಇಲಿಯೂ ಮದುವೆಯಾಗುವ ಕಥೆ ಅದು. ಮದುಮಗ ಇಲಿ ಬಿಸಿ ಪಾಯಸದ ಪಾತ್ರೆಯಲ್ಲಿ ಬಿದ್ದು ಸಾಯುತ್ತದೆ, ಜಿರಲೆ ಅಳುತ್ತದೆ. ಮಕ್ಕಳಿಗೆ ದುಃಖವಾದೀತೆಂದು ಆಕೆ ಇಲಿಯನ್ನು ಬದುಕಿಸಲಿಲ್ಲ. 1932ರಲ್ಲಿ ಅದೇ ಕಥೆ ಪುಸ್ತಕವಾಯಿತು. ಮುಂದೆ ನೂರಹದಿನೈದನೆಯ ಬೀದಿಯ ಶಾಖೆಯಲ್ಲಿ ಆಕೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಕಥೆ ಹೇಳಿದಳು. ತನ್ನವರ ಮೂರು ಅರಸರ ಹಬ್ಬವನ್ನೇ ವಿಷಯವಾಗಿಟ್ಟುಕೊಂಡು ಕಥೆ, ಹಾಡು, ಗೊಂಬೆಯಾಟ ಕಟ್ಟಿದಳು. ಗ್ರಂಥಾಲಯ ತಮಗಲ್ಲವೆಂದು ದೂರ ನಿಂತಿದ್ದ ತಾಯಂದಿರು ಹಬ್ಬದ ನೆವದಿಂದ ಒಳಗೆ ಬಂದರು. ಆಕೆಯ ಹೆಸರಿನಲ್ಲಿ 1996ರಿಂದ ಮಕ್ಕಳ ಪುಸ್ತಕಗಳಿಗೆ ಒಂದು ಪ್ರಶಸ್ತಿ ಇದೆ.

ಅದೇ ನೂರಮೂವತ್ತೈದನೆಯ ಬೀದಿಯ ಶಾಖೆಗೆ 1937ರಲ್ಲಿ ಬಂದವಳು ಅಗಸ್ಟಾ ಬೇಕರ್ ಎಂಬ ಕರಿಯ ತರುಣಿ. ಹಾರ್ಲೆಮ್ಮಿನ ಮಕ್ಕಳಿಗೆ ಓದಲು ಆಕೆ ಕಪಾಟಿಗೆ ಕೈಹಾಕಿದರೆ, ಕರಿಯ ಮನುಷ್ಯನಿದ್ದ ಪುಸ್ತಕಗಳಲ್ಲಿ ಆತ ಒಂದೋ ಸೋಮಾರಿ, ಇಲ್ಲವೇ ಹಲ್ಲುಕಿರಿಯುವ ಆಳು. ಆಡುವುದು ಮುರುಕು ಮಾತು. ಚಿತ್ರದಲ್ಲಿ ಮುಖವೇ ಇಲ್ಲ, ತುಟಿ ಮತ್ತು ಕಣ್ಣುಗುಡ್ಡೆ ಮಾತ್ರ. ಚಾಪೆಯ ಮೇಲೆ ಕುಳಿತ ಮಕ್ಕಳು ಅಂಥವನ್ನು ನೋಡಿ ನಗಬೇಕು, ತಮ್ಮ ಅಪ್ಪಂದಿರನ್ನು ನೋಡಿ ನಕ್ಕಂತೆ. ಆಕೆ ಒಂದೊಂದನ್ನೇ ತೂಗಿದಳು: ಭಾಷೆ ಹೇಗಿದೆ, ಕಥೆಯಲ್ಲಿ ಮನುಷ್ಯನ ಸ್ಥಾನವೇನು, ಚಿತ್ರ ಏನು ಹೇಳುತ್ತದೆ? ನಿಂತವನ್ನು ಒಟ್ಟುಗೂಡಿಸಿ 1939ರಲ್ಲಿ ಒಂದು ಪ್ರತ್ಯೇಕ ಸಂಗ್ರಹ ಮಾಡಿದಳು, 1946ರಲ್ಲಿ ಪಟ್ಟಿಯನ್ನು ಅಚ್ಚು ಹಾಕಿಸಿದಳು. ಇಲ್ಲದ ಪುಸ್ತಕಗಳನ್ನು ಬರೆಸಿರೆಂದು ಪ್ರಕಾಶಕರ ಬೆನ್ನು ಹತ್ತಿದಳು. 1961ರಲ್ಲಿ ಇಡೀ ಗ್ರಂಥಾಲಯದ ಮಕ್ಕಳ ಸೇವೆಗೆ ಮುಖ್ಯಸ್ಥೆಯಾದಳು.

ಈ ವಾದದ ನಡುವೆ ನಮ್ಮ ದೇಶದ ಹೆಸರೂ ಬರುತ್ತದೆಂಬುದನ್ನು ಅಂದು ಓದಿ ಬೆರಗಾದೆ. 'ಲಿಟಲ್ ಬ್ಲ್ಯಾಕ್ ಸ್ಯಾಂಬೊ' ಎಂಬ ಪುಸ್ತಕವನ್ನು ಬರೆದಾಕೆ ಹೆಲನ್ ಬ್ಯಾನರ್‌ಮನ್. ಭಾರತದಲ್ಲಿ ವೈದ್ಯನಾಗಿದ್ದವನ ಪತ್ನಿ; ಕೊಡೈಕನಾಲಿನಿಂದ ಮದರಾಸಿಗೆ ಬರುವಾಗ ರೈಲಿನಲ್ಲಿ ಅದನ್ನು ಹೆಣೆದಳೆಂದು ಹೇಳುತ್ತಾರೆ. 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹುಲಿಗಳು ಜಗಳವಾಡಿ ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ತುಪ್ಪವೆಂಬ ನಮ್ಮ ವಸ್ತುವೇ! ಆ ತುಪ್ಪದಲ್ಲಿ ಮಾಡಿದ ದೋಸೆಗಳನ್ನು ಹುಡುಗ 169 ತಿನ್ನುತ್ತಾನೆ. ಕಥೆ ಸೊಗಸಾದದ್ದೇ. ಆದರೆ ಹುಡುಗನಿಗಿಟ್ಟ ಹೆಸರು ಅಮೆರಿಕದಲ್ಲಿ ಕರಿಯರನ್ನು ಹೀಯಾಳಿಸುವ ಬೈಗುಳ. ಅಲ್ಲಿಯ ಅಚ್ಚುಗಳಲ್ಲಿ ಬೇರೆ ಬೇರೆ ಚಿತ್ರಕಾರರು ಆ ಮುಖವನ್ನು ಇನ್ನಷ್ಟು ವಿಕಾರಗೊಳಿಸಿದರು. ಲ್ಯಾಂಗ್‌ಸ್ಟನ್ ಹ್ಯೂಸ್ 1930ರ ದಶಕದಲ್ಲೇ ಇದರಿಂದ ಕರಿಯ ಮಗುವಿಗಾಗುವ ನೋವನ್ನು ಎತ್ತಿ ಹೇಳಿದ್ದ. ಕೊನೆಗೆ 1996ರಲ್ಲಿ ಫ್ರೆಡ್ ಮಾರ್ಸೆಲಿನೊ ಎಂಬ ಚಿತ್ರಕಾರ ಅದನ್ನು ಭಾರತಕ್ಕೇ ಹಿಂತಿರುಗಿಸಿ, ಹುಡುಗನಿಗೆ ಬಾಬಾಜಿ ಎಂದು ಹೆಸರಿಟ್ಟು, ಹೊಸ ಚಿತ್ರ ಬರೆದ. ಹುಲಿಗಳೂ ತುಪ್ಪವೂ ಹಾಗೆಯೇ ಉಳಿದವು.

ಇನ್ನೊಂದು ಪುಸ್ತಕದ ವಿಚಾರ ಹೇಳಲೇಬೇಕು. ಬ್ರೂಕ್ಲಿನ್ನಿನ ಬಡ ಯಹೂದಿ ಮನೆಯಲ್ಲಿ ಹುಟ್ಟಿದ ಎಜ್ರಾ ಜ್ಯಾಕ್ ಕೀಟ್ಸ್ ಎಂಬ ಚಿತ್ರಕಾರ, 1940ರಲ್ಲಿ ಪತ್ರಿಕೆಯೊಂದರಿಂದ ಒಬ್ಬ ಕರಿಯ ಬಾಲಕನ ಭಾವಚಿತ್ರಗಳನ್ನು ಕತ್ತರಿಸಿಟ್ಟುಕೊಂಡ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇಟ್ಟುಕೊಂಡಿದ್ದು, 1962ರಲ್ಲಿ 'ದಿ ಸ್ನೋಯಿ ಡೇ' ಬರೆದ. ಕೆಂಪು ಅಂಗಿ ತೊಟ್ಟ ಪೀಟರ್ ಹಿಮದಲ್ಲಿ ಹೆಜ್ಜೆಯೂರಿ ಆಡುತ್ತಾನೆ, ಒಂದು ಹಿಮದುಂಡೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುತ್ತಾನೆ, ಅದು ಕರಗಿಹೋಗುತ್ತದೆ. ಅವನ ಬಣ್ಣದ ಬಗ್ಗೆ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ನ್ಯೂಯಾರ್ಕ್ ಗ್ರಂಥಾಲಯ ತನ್ನ 125 ವರ್ಷಗಳ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಅತಿ ಹೆಚ್ಚು ಸಲ ಓದುಗರ ಮನೆಗೆ ಹೋಗಿ ಬಂದ ಪುಸ್ತಕ ಇದೇ: 485,583 ಸಲ. ದೊಡ್ಡವರ ಪುಸ್ತಕಗಳೆಲ್ಲ ಇದರ ಹಿಂದೆ.

ಆ ರಾತ್ರಿ ಎಡಿಸನ್ನಿಗೆ ಮರಳಿ ಊಟವಾದ ಮೇಲೆ ನನ್ನ ಆರು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಬೇಕರ್ ತೂಗಿದ ತಕ್ಕಡಿಯಲ್ಲಿ ತೂಗಿ ನೋಡೋಣವೆಂದು. ಮೊದಲನೆಯದರಲ್ಲಿ ರಾಜಕುಮಾರಿ ಗುಲಾಬಿ ಬಣ್ಣ. ರಾಕ್ಷಸಿ ಕಡು ಕಂದು. ಎರಡನೆಯದರಲ್ಲಿ ಜಾಣ ಹುಡುಗಿ ಗುಲಾಬಿ ಬಣ್ಣ; ಕಳ್ಳ ಕಂದು. ಮೂರನೆಯದರಲ್ಲಿ ಸೋಮಾರಿ ಸೇವಕ ಕಂದು. ಕೊಂಡಾಗ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನನ್ನ ಮೊಮ್ಮಗಳು ಬಣ್ಣದಲ್ಲಿ ನನ್ನನ್ನೇ ಹೋಲುತ್ತಾಳೆ. "ಸಾಕು" ಎಂದು ಅವಳು ಎದ್ದು ನಿಂತದ್ದು ಯಾವ ಪುಟದಲ್ಲಿ ಎಂದು ಹುಡುಕಿದೆ. ರಾಕ್ಷಸಿಯ ಪುಟವಲ್ಲ, ಏನೂ ಅಲ್ಲದ ಒಂದು ಪುಟ. ಅವಳಿಗೆ ಬರಿದೆ ಬೇಸರವಾಗಿತ್ತು. ಆದರೂ ಆ ಮೂರು ಪುಸ್ತಕಗಳು ಪೆಟ್ಟಿಗೆಯ ತಳಕ್ಕೆ ಹೋದವು. ಉಳಿದ ಮೂರರಲ್ಲಿ ಎರಡರ ಅಕ್ಷರವೂ ಚಿತ್ರವೂ ನುಣುಪು. ಒಂದು ನಿಂತಿತು, ಮಳೆಯಲ್ಲಿ ನೆನೆದ ಆನೆಮರಿಯದು. ಹೀಗೆ ಮುಂದಿನ ಶನಿವಾರದ ವಿಷಯ ತಾನಾಗಿಯೇ ನಿಶ್ಚಯವಾಯಿತು: ಮಳೆ.

ಆದರೆ ಒಂದೇ ಪುಸ್ತಕದಿಂದ ಅರ್ಧ ಗಂಟೆ ತುಂಬುವುದು ಹೇಗೆ? ಶನಿವಾರ ಬೆಳಗ್ಗೆ ಸೆಂಟ್ರಲ್ ಪಾರ್ಕಿಗೆ ಹೋದೆ. ಅಲ್ಲಿ ಆಟಿಕೆ ದೋಣಿಗಳನ್ನು ತೇಲಿಬಿಡುವ ಕೊಳದ ದಡದಲ್ಲಿ ಹ್ಯಾನ್ಸ್ ಆಂಡರ್ಸನ್ನನ ಕಂಚಿನ ಪ್ರತಿಮೆ ಇದೆ, 1956ರಲ್ಲಿ ನಿಲ್ಲಿಸಿದ್ದು. ತೊಡೆಯ ಮೇಲೆ ತೆರೆದ ಪುಸ್ತಕ, ಕಾಲ ಬಳಿ ಬಾತುಕೋಳಿ. ಮಕ್ಕಳು ಹತ್ತಿ ಇಳಿದು ತೊಡೆ ಹೊಳಪೇರಿದೆ. ಬೇಸಗೆಯ ಶನಿವಾರಗಳಲ್ಲಿ ಹನ್ನೊಂದು ಗಂಟೆಗೆ ಅದರ ಮುಂದೆ ಕಥೆ ಹೇಳುತ್ತಾರೆ. ಪುಸ್ತಕವಿಲ್ಲ, ಚಿತ್ರವಿಲ್ಲ, ಗಿಲಕಿಯಿಲ್ಲ. ಹೇಳುವವರ ಮುಖ ಮಾತ್ರ. ಕೇಳುತ್ತಾ ಕುಳಿತಿದ್ದಾಗ ಕಲ್ಲುಬೆಂಚಿನ ಕೆಳಗೆ ರೊಟ್ಟಿಯ ಚೂರಿಗೆ ನಾಲ್ಕಾರು ಗುಬ್ಬಚ್ಚಿಗಳು ಕುಪ್ಪಳಿಸಿ ಬಂದವು. ನಮ್ಮ ಗುಬ್ಬಚ್ಚಿಗಳೇ. ಅವು ಇಲ್ಲಿಯವಲ್ಲ, 1850ರ ದಶಕದಲ್ಲಿ ಬ್ರೂಕ್ಲಿನ್ನಿನಲ್ಲಿ ತಂದು ಬಿಟ್ಟವುಗಳ ಸಂತತಿ. ಕಾಗೆಯೂ ಇತ್ತು, ನಮ್ಮದಕ್ಕಿಂತ ದಪ್ಪ, ಕತ್ತಿನಲ್ಲಿ ಬೂದುಬಣ್ಣವಿಲ್ಲದ್ದು. ಪೂರಾ ಬೆಲ್‌ಪ್ರೇಯ ಜಿರಲೆ ಮತ್ತು ಇಲಿ ನೆನಪಾದವು. ನನ್ನ ಅಜ್ಜಿಯ ಕಾಗಕ್ಕ ಗುಬ್ಬಕ್ಕರಿಗೆ ಪುಸ್ತಕ ಏಕೆ ಬೇಕು?

ಒಂದೇ ಗೊಂದಲ. ಆ ಕಥೆಯಲ್ಲಿಯೂ ಕರಿಯ ಕಾಗಕ್ಕನ ಮನೆಯೇ ಸಗಣಿಯದು, ಮಳೆಗೆ ಕೊಚ್ಚಿಹೋಗುವುದೂ ಅವಳದೇ. ಅಚ್ಚುಕಟ್ಟಾದ ಗುಬ್ಬಕ್ಕ ಏನೇನೋ ನೆವ ಹೇಳಿ ಬಾಗಿಲು ತೆಗೆಯದೆ ಅವಳನ್ನು ಮಳೆಯಲ್ಲಿ ನಿಲ್ಲಿಸುತ್ತಾಳೆ. ಅಂತ್ಯವನ್ನು ನಮ್ಮ ಊರುಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಕಾಗಕ್ಕನಿಗೆ ಒಳ್ಳೆಯದಾಗುವ ಬಗೆ ಕಡಮೆ. ಬದಲಿಸಲೇ? ಬೆಲ್‌ಪ್ರೇ ಇಲಿಯನ್ನು ಬದುಕಿಸಲಿಲ್ಲ. ಆದರೆ ಮಾರ್ಸೆಲಿನೊ ಹೆಸರನ್ನು ಬದಲಿಸಿದ. ರೈಲಿನಲ್ಲಿ ಎಡಿಸನ್ ಬರುವವರೆಗೆ ಯೋಚಿಸಿದರೂ ತೀರ್ಮಾನವಾಗಲಿಲ್ಲ.

ಸಂಜೆ ಮಕ್ಕಳು ಬಂದರು. ಸಣ್ಣ ದೀಪ ಹಚ್ಚಿದೆ. ಮೊದಲು ಆನೆಮರಿಯ ಪುಸ್ತಕ, ಬೆಳಗ್ಗೆ ಎರಡು ಸಲ ಓದಿಕೊಂಡದ್ದು. ಆಮೇಲೆ ಎಲ್ಲರೂ ಎದ್ದು ಬೆರಳುಗಳಿಂದ ಮಳೆ ಸುರಿಸಿದೆವು. ಬಳಿಕ ಕೈ ಬರಿದು ಮಾಡಿಕೊಂಡು ಕುಳಿತು ಕಾಗಕ್ಕನ ಕಥೆ ತೆಗೆದೆ. ಮಳೆ ಬಂತು, ಮನೆ ಹೋಯಿತು, ಕಾಗಕ್ಕ ಬಂದು ಬಾಗಿಲು ತಟ್ಟಿದಳು. ಗುಬ್ಬಕ್ಕ ತಡೆ ಎಂದಳು. ಮತ್ತೆ ತಟ್ಟಿದಳು. ಮಕ್ಕಳೂ ನೆಲ ತಟ್ಟಿದರು. ಗುಬ್ಬಕ್ಕ ಮತ್ತೆ ತಡೆ ಎಂದಳು. ಕನ್ನಡ ಅರ್ಧ ತಿಳಿದ ಮಕ್ಕಳಿಗೂ ಆ 'ತಡೆ' ತಿಳಿದುಹೋಯಿತು. ಮೂರನೆಯ ಸಲ ಕಾಗಕ್ಕ ತಟ್ಟಿದಾಗ, ಹಿಂದಿನ ವಾರ ಸೋಫಾದ ಅಡಿ ಸೇರಿದ್ದ ಹುಡುಗ ಧಡಕ್ಕನೆ ಎದ್ದ. ಈಗ ಮತ್ತೆ ನುಸುಳುತ್ತಾನೆಂದು ನಾನು ಕಂಗೆಟ್ಟೆ. ಅವನು ನೆಟ್ಟಗೆ ಹಜಾರ ದಾಟಿ ಹೋಗಿ, ಮುಂಬಾಗಿಲಿನ ಹಿಡಿಯನ್ನು ಎರಡು ಕೈಗಳಿಂದಲೂ ತಿರುಗಿಸಿ, ಬಾಗಿಲನ್ನು ಪೂರಾ ತೆರೆದು, ಹೊರಗೆ ಇಣುಕಿ ನಿಂತ.

"ಬಾ" ಎಂದ.